ಮುರಿಗೆಪ್ಪನ ಹಿಮಗಾಡಿ

ಸೋಮವಾರ ಬೆಳಿಗ್ಗೆ ಮುರಿಗೆಪ್ಪ ಮುಂಬಾಗಿಲು ತೆರೆದಾಗ ಅದಕ್ಕೆ ಒರಗಿಕೊಂಡಿದ್ದ ಹಿಮ ಕುಸಿದು ಒಳಗೆ ಬಂತು. ಹೊರಗೆ ಬೀದಿಯೇ ಇರಲಿಲ್ಲ. ಗ್ರೀನ್‌ಫರ್ಡಿನ ಆ ಸಾಲುಮನೆಗಳ ಮುಂದೆ ನಿಂತಿದ್ದ ಕಾರುಗಳೆಲ್ಲ ಬಿಳಿಯ ಗುಡ್ಡೆಗಳಾಗಿದ್ದವು. ರಸ್ತೆ ಎಲ್ಲಿ ಮುಗಿದು ಕಾಲುದಾರಿ ಎಲ್ಲಿ ಶುರುವಾಗುತ್ತದೆಂದು ತಿಳಿಯುವಂತಿರಲಿಲ್ಲ. ಇಡೀ ಲಂಡನ್ನಿನಲ್ಲಿ ಒಂದು ಬಸ್ಸೂ ಹೊರಬಿದ್ದಿಲ್ಲವೆಂದು ರೇಡಿಯೋ ಹೇಳುತ್ತಿತ್ತು. ಅದು ಎರಡು ಸಾವಿರದ ಒಂಬತ್ತರ ಫೆಬ್ರವರಿ.

ಮುರಿಗೆಪ್ಪ ಬಾಗಿಲು ಮುಚ್ಚಿ ಎದೆಯ ಮೇಲೆ ಕೈಯಿಟ್ಟುಕೊಂಡ. ಅಂಗಿಯ ಒಳಗೆ ಆ ದಿನ ಎರಡು ಲಿಂಗಗಳಿದ್ದವು. ಒಂದು ತನ್ನದು. ಇನ್ನೊಂದು ಹೆಂಡತಿ ಶಿವಕ್ಕನದು.

ಶನಿವಾರ ಶಿವಕ್ಕ ಅಡಿಗೆಮನೆಯಲ್ಲಿ ಜಾರಿ ಬಿದ್ದು ಸೊಂಟದ ಕೀಲು ಮುರಿದುಕೊಂಡಿದ್ದಳು. ಭಾನುವಾರ ಮಧ್ಯಾಹ್ನ ಆಸ್ಪತ್ರೆಯಲ್ಲಿ ಆಪರೇಶನ್ ಆಯಿತು. ಒಳಗೆ ಒಯ್ಯುವ ಮೊದಲು ನರ್ಸು ಬಂದು, ಮೈಮೇಲಿನ ಬೆಳ್ಳಿ ಬಂಗಾರವೆಲ್ಲ ತೆಗೆಯಬೇಕೆಂದಳು. ಅವಳು ಕೇಳಿದ್ದು ಕರಡಿಗೆಯನ್ನು, ಎಂದರೆ ಲಿಂಗವನ್ನಿಟ್ಟ ಬೆಳ್ಳಿಯ ಡಬ್ಬಿಯನ್ನು ಮಾತ್ರ. ಒಳಗಿನ ಲಿಂಗವನ್ನು ಬಟ್ಟೆಯಲ್ಲಿ ಸುತ್ತಿ ತೋಳಿಗೆ ಅಂಟಿಸಿಕೊಡುತ್ತೇನೆಂದು ಅವಳೇ ಹೇಳಿದಳು. ಆದರೆ ಹುಟ್ಟಿದಾಗಿನಿಂದ ಎರಡನ್ನೂ ಒಂದೇ ಎಂದು ಕಂಡ ಮುರಿಗೆಪ್ಪನಿಗೆ ಡಬ್ಬಿ ಬೇರೆ, ಲಿಂಗ ಬೇರೆ ಎಂಬುದು ಆ ಗಡಿಬಿಡಿಯಲ್ಲಿ ತಲೆಗೆ ಹೋಗಲಿಲ್ಲ. ಹಾಸಿಗೆಯ ಬಟ್ಟೆಗಳ ಜೊತೆ ಎಲ್ಲಿಯಾದರೂ ಕಳೆದುಹೋದರೆ ಎಂಬ ಹೆದರಿಕೆ ಬೇರೆ. ಕರಡಿಗೆಯನ್ನು ಹಾಗೆಯೇ ಬಿಚ್ಚಿ ತನ್ನ ಕೊರಳಿಗೆ ಹಾಕಿಕೊಂಡು, "ಒಂದ ರಾತ್ರಿ ಮಾತು, ಬೆಳಿಗ್ಗೆ ತಂದು ಕೊಡ್ತೀನಿ" ಎಂದಿದ್ದ. ಶಿವಕ್ಕ ಆಗಲೇ ಅರೆನಿದ್ದೆಯಲ್ಲಿದ್ದಳು. "ಲಗೂ ಬರ್ರಿ" ಎಂದಷ್ಟೇ ಹೇಳಿದಳು.

ಆಕೆಯದು ಹುಟ್ಟಿದ ಕೂಸಿಗೇ ಲಿಂಗ ಕಟ್ಟುವ ವಿಜಾಪುರದ ಮನೆತನ. ಸ್ನಾನ ಮಾಡಿ, ವಿಭೂತಿ ಹಚ್ಚಿ, ಎಡ ಅಂಗೈಯಲ್ಲಿ ಲಿಂಗವನ್ನಿಟ್ಟು ಪೂಜೆ ಮಾಡದೆ ಆಕೆಯ ಗಂಟಲಲ್ಲಿ ಒಂದು ಹನಿ ನೀರು ಇಳಿದದ್ದಿಲ್ಲ. ಮಗಳನ್ನು ಹೆತ್ತ ದಿನವೂ ಇಳಿದಿರಲಿಲ್ಲ.

ಫೋನು ಬಂತು. ವೇಣುಗೋಪಾಲ ಎಂಬ ಮೈಸೂರಿನ ಡಾಕ್ಟರು, ಅದೇ ಆಸ್ಪತ್ರೆಯವರು, ಕನ್ನಡದವರೆಂದು ಮೊದಲಿನಿಂದ ಪರಿಚಯ.

"ಮುರಿಗೆಪ್ಪನವರೇ, ನಿನ್ನೆಯಿಂದ ಇಲ್ಲೇ ಇದೀನಿ. ಮನೆಗೆ ಹೋಗಕ್ಕೂ ಆಗ್ಲಿಲ್ಲ. ನಿಮ್ಮನೆಯವರು ನೀರು ಮುಟ್ತಾ ಇಲ್ಲ."

"ಲಿಂಗ ಇಲ್ಲದ ಮುಟ್ಟಂಗಿಲ್ರಿ ಸಾಹೇಬ್ರ."

"ಅದನ್ನೇ ಅಂತಾರೆ. ಡ್ರಿಪ್ ಹಾಕಿದ್ವಿ, ಕೈ ಊದಿಕೊಂಡಿದೆ. ಇನ್ನೊಂದು ಕಡೆ ಹಾಕೋಣ ಅಂದ್ರೆ ನರ ಸಿಕ್ತಿಲ್ಲ. ಮೂತ್ರ ಆಗ್ತಿಲ್ಲ. ಈ ವಯಸ್ಸಲ್ಲಿ ಕಿಡ್ನಿ ತಡ್ಕೊಳಲ್ಲ. ಇವತ್ತು ಬಾಯಲ್ಲಿ ನೀರು ಹೋಗ್ಲೇಬೇಕು."

"ನೀವ ಸ್ವಲ್ಪ ಬುದ್ಧಿ ಹೇಳ್ರಿ ಆಕಿಗೆ."

"ಹೇಳ್ದೆ. 'ನೀವು ಮೈಸೂರಿನವರು, ನಿಮಗ ತಿಳಿಯಂಗಿಲ್ಲ, ಸುಮ್ಮನ ಕೂಡ್ರಿ' ಅಂದ್ರು. ನೋಡಿ, ನೀವು ನಡ್ಕೊಂಡು ಮಾತ್ರ ಹೊರಡ್ಬೇಡಿ. ನಿಮ್ಮ ಎದೆ ಯಾವ ಸ್ಥಿತೀಲಿದೆ ಅಂತ ನಂಗೆ ಗೊತ್ತು."

ಫೋನಿಟ್ಟ ಕೂಡಲೆ ಮಗಳು ಪ್ರಿಯಾಂಕಾಳ ಫೋನು. ಅವಳಿರುವುದು ಇಲ್ಫರ್ಡಿನಲ್ಲಿ, ಊರಿನ ಆ ತುದಿಗೆ. "ಅಪ್ಪಾ, ಡೋಂಟ್ ಯು ಡೇರ್ ಗೋ ಔಟ್! ಟ್ಯಾಕ್ಸಿ ಒಂದೂ ಇಲ್ಲ, ಎಲ್ಲರಿಗೂ ರಿಂಗ್ ಮಾಡಿದೆ. ನಮ್ಮ ಕಾರು ಡ್ರೈವಿಂದ ಹೊರಗೇ ಬರ್ತಿಲ್ಲ. ಅಮ್ಮ ಯಾಕೆ ಹೀಗೆ? ಇಟ್ಸ್ ಜಸ್ಟ್ ವಾಟರ್!"

"ಜಸ್ಟ್ ವಾಟರ್ ಅಲ್ಲವ್ವಾ ಅದು," ಎಂದ ಮುರಿಗೆಪ್ಪ. ಮಗಳು ಅಳುತ್ತಿದ್ದಳು.

ಅವನು ಕಿಟಕಿಯ ಹತ್ತಿರ ನಿಂತ. ಬೈಪಾಸ್ ಆದ ಎದೆ; ಅಂಗಡಿಗೆ ಹೋಗಿ ಬಂದರೆ ನಡುವೆ ಎಲ್ಲಿಯಾದರೂ ಕೂರಬೇಕು. ಆಸ್ಪತ್ರೆ ಕಾಲುವೆಯ ದಂಡೆಗೆ ಹತ್ತಿಕೊಂಡಿದೆ. ಬೀದಿಯ ಕೊನೆಯ ಗೇಟು ದಾಟಿ ದಂಡೆಯ ದಾರಿ ಹಿಡಿದರೆ ಅದರ ಹಿಂಗೋಡೆ ಸಿಗುತ್ತದೆ. ಗಟ್ಟಿಮುಟ್ಟಾದವನಿಗೆ ಒಂದು ಬೆಳಗಿನ ನಡಿಗೆ. ಅವನಿಗೆ ಅದು ಹಿಮಾಲಯ. ಗೋಡೆಗಳು ಹತ್ತಿರ ಹತ್ತಿರ ಬಂದ ಹಾಗೆ ಅನ್ನಿಸಿತು. ನೀರು ಕುಡಿಯೋಣವೆಂದು ಲೋಟ ತೆಗೆದುಕೊಂಡವನು ಹಾಗೇ ಇಟ್ಟ. ಅಲ್ಲಿ ಅವಳು ಒಣಗುತ್ತ ಮಲಗಿದ್ದಾಳೆ.

ಆಗ ಗ್ಯಾರೇಜಿನ ನೆನಪಾಯಿತು. ನೆನಪಾಗದೆ ಇರುತ್ತದೆಯೇ? ಹತ್ತು ವರ್ಷದಿಂದ ಅವನ ಬದುಕೆಲ್ಲ ಅಲ್ಲಿಯೇ ಇತ್ತು. ಆದರೆ ಅದು ನಗುವ ವಸ್ತುವಾಗಿ ಎಷ್ಟು ಕಾಲವಾಗಿತ್ತೆಂದರೆ, ಕೆಲಸಕ್ಕೆ ಬರಬಹುದೆಂಬ ಯೋಚನೆ ಅವನಿಗೂ ತಡವಾಗಿ ಬಂತು.

ಮುರಿಗೆಪ್ಪ ಕೆಲಸ ಮಾಡಿದ್ದು ಹಾಲಿನ ಡಿಪೋದಲ್ಲಿ. ಮನೆಮನೆಗೆ ಹಾಲಿನ ಬಾಟಲಿ ಒಯ್ಯುವ ಬ್ಯಾಟರಿ ಗಾಡಿಗಳ ರಿಪೇರಿ ಅವನದು. ತೊಂಬತ್ತೊಂದರ ಹಿಮದಲ್ಲಿ ಆ ಗಾಡಿಗಳು ಬೀದಿಗಳಲ್ಲಿ ಹೂತುಕೊಂಡು ನಿಂತವು. ಒಳಗೆ ಬ್ಯಾಟರಿ ತುಂಬಿದೆ, ಮೋಟರು ಸರಿಯಿದೆ, ಚಕ್ರ ಮಾತ್ರ ಇದ್ದಲ್ಲೇ ತಿರುಗುತ್ತದೆ. ಅದನ್ನು ಕಂಡ ದಿನದಿಂದ ಅವನಿಗೆ ಹಿಮದ ಮೇಲೆ ಓಡುವ ಗಾಡಿಯ ಹುಚ್ಚು ಹತ್ತಿತು. ಮ್ಯಾನೇಜರು ನಕ್ಕಿದ್ದ. ಡಿಪೋ ಮುಚ್ಚಿದಾಗ, ಅಂಗಳದಲ್ಲಿ ಹಾಲಿನ ಪೆಟ್ಟಿಗೆ ಎಳೆಯುತ್ತಿದ್ದ ಕೈಗಾಡಿಯ ಸಣ್ಣ ಮೋಟರೊಂದನ್ನು ಬೇಡಿ ತಂದು, ಗ್ಯಾರೇಜಿನಲ್ಲಿ ಕೂತ.

"ವಿಜಾಪುರದ ಬಿಸಲಾಗ ಬೆಂದು ಬೆಳದ ಮಂದಿ ನಾವು," ಎನ್ನುತ್ತಿದ್ದಳು ಶಿವಕ್ಕ, ಚಹಾದ ಕಪ್ಪು ಹಿಡಿದು ಗ್ಯಾರೇಜಿನ ಬಾಗಿಲಲ್ಲಿ ನಿಂತು. "ನಿಮಗ ಯಾಕಪಾ ಬರ್ಫದ ಗಾಡಿ? ಬರ್ಫರ ಎಲ್ಲಿ ಬೀಳತದ ಇಲ್ಲಿ? ಬಿದ್ದರೂ ಮಧ್ಯಾಹ್ನಕ್ಕ ರಾಡಿ ಆಗತದ."

"ಬೀಳತದ, ಬೀಳತದ. ಒಂದಿನ ಬೀಳತದ."

"ಬಿದ್ದ ದಿನ ನನ್ನ ಕೂಡಿಸಿಕೊಂಡು ಎಲ್ಲಿಗೆ ಹೊಂಟೀರಿ?"

"ಕ್ವೀನ್ಸ್‌ಬರಿ ಅಂಗಡಿಗೆ. ಬದನಿಕಾಯಿ ತರಾಕ."

ಅವನು ಹಳೆಯ ಮಂಚದ ಎರಡು ಹಲಗೆಗಳನ್ನು ಕೆಟಲಿನ ಹಬೆಗೆ ಹಿಡಿದು ಹಿಡಿದು, ಮೂತಿ ಮೇಲಕ್ಕೆ ಬಗ್ಗಿಸಿದ. ಅವು ಮುಂದಿನ ಜಾರುಹಲಗೆಗಳು. ಹಿಂದೆ ಚಕ್ರವಿಲ್ಲ, ಯಾವುದೋ ಗೋದಾಮಿನವರು ಎಸೆದಿದ್ದ, ಪೆಟ್ಟಿಗೆ ಸಾಗಿಸುವ ರಬ್ಬರಿನ ಪಟ್ಟಿಯನ್ನು ಎರಡು ಉರುಳೆಗಳ ಸುತ್ತ ಬಳೆಯ ಹಾಗೆ ಜೋಡಿಸಿ, ಅದರ ಮೇಲೆ ಅಡ್ಡಡ್ಡ ಮರದ ಪಟ್ಟಿಗಳನ್ನು ಬಿಗಿದ. ಪಟ್ಟಿ ಸುತ್ತಿದಂತೆ ಆ ಮರದ ಹಲ್ಲುಗಳು ನೆಲವನ್ನು ಹಿಡಿದು ಗಾಡಿಯನ್ನು ನೂಕುತ್ತವೆ. ಬ್ಯಾಟರಿ ಎರಡು. ಒಂದರ ಮಗ್ಗುಲಿಗೊಂದು ಜೋಡಿಸಿದರೆ ನಿಧಾನದ ನಡೆ, ಒಂದರ ಬೆನ್ನಿಗೊಂದು ಜೋಡಿಸಿದರೆ ಜೋರಿನ ನಡೆ. ಹಾಲಿನ ಗಾಡಿಯ ಹಳೆಯ ವಿದ್ಯೆ. ಕೂರಲು ಒಂದು ಸ್ಟೂಲು, ಹಿಡಿಯಲು ಒಂದು ಹಳೆಯ ಸೈಕಲ್ಲಿನ ಹ್ಯಾಂಡಲ್ಲು.

ಪರೀಕ್ಷೆ ಮಾಡಲು ಹಿಮವೆಲ್ಲಿ? ಹುಳ ಹತ್ತಿದ ರವೆಯ ಚೀಲವೊಂದನ್ನು ಗ್ಯಾರೇಜಿನ ನೆಲಕ್ಕೆ ಸುರಿದು ಅದರ ಮೇಲೆ ಓಡಿಸಿ ನೋಡಿದ್ದ. ಗಾಡಿ ಸೊಗಸಾಗಿ ಹೋಗಿ ಗೋಡೆಗೆ ಗುದ್ದಿತ್ತು. ಶಿವಕ್ಕ ಎರಡು ದಿನ ಮಾತು ಬಿಟ್ಟಿದ್ದಳು. ಆಮೇಲೆ ಅವಳೇ, "ಓಡಿತಲ್ಲ, ಅಷ್ಟ ಸಾಕು" ಎಂದು ರವೆ ಗುಡಿಸಿದ್ದಳು.

ಈಗ ಅವನು ಗ್ಯಾರೇಜಿನ ಕದ ಎತ್ತಿ, ಮುಂದಿನ ಹಿಮವನ್ನು ಬಚ್ಚಲ ಬಕೆಟ್ಟಿನಿಂದ ತೋಡಿ ಹಾಕಿದ. ನಾಲ್ಕು ಸಲ ತೋಡಿ, ಒಂದು ಸಲ ನಿಂತು ಉಸಿರೆಳೆದುಕೊಂಡ. ಬ್ಯಾಟರಿ ಯಾವಾಗಲೂ ಚಾರ್ಜಿನಲ್ಲಿಯೇ ಇರುತ್ತಿದ್ದವು. ಹೆಂಡತಿ ದೇವರ ದೀಪ ಕಾಯ್ದ ಹಾಗೆ ಅವನು ಅವನ್ನು ಕಾಯ್ದಿದ್ದ. ಜಾರುಹಲಗೆಯ ಅಡಿಗೆ ಹಚ್ಚಲು ಮೇಣ ಹುಡುಕಿದ, ಸಿಗಲಿಲ್ಲ. ಬಚ್ಚಲಲ್ಲಿ ಶಿವಕ್ಕನ ಕೊಬ್ಬರಿ ಎಣ್ಣೆಯ ಡಬ್ಬಿಯಿತ್ತು, ಚಳಿಗೆ ಕಲ್ಲಿನ ಹಾಗೆ ಬಿಗಿದಿತ್ತು. ಅದನ್ನೇ ಚಮಚದಲ್ಲಿ ಕೆರೆದು ಹಲಗೆಗೆ ತಿಕ್ಕಿದ. ಗ್ಯಾರೇಜಿನ ತುಂಬ ಅವಳ ತಲೆಯ ವಾಸನೆ ಬಂತು. ಸ್ವಲ್ಪ ಹೊತ್ತು ಅವನಿಗೆ ಕೆಲಸ ಮುಂದುವರಿಸಲಾಗಲಿಲ್ಲ.

ಗುಂಡಿ ಒತ್ತಿದ. ಪಟ್ಟಿ ಸುತ್ತಿತು. ಗಾಡಿ ಹೊರಗೆ ಹೋಗಿ, ಹಿಮ ಹತ್ತಿ, ಎರಡು ಮಾರು ನಡೆದು, ಕಿರ್ರೆಂದು ನಿಂತಿತು.

ಬಗ್ಗಿ ನೋಡಿದ. ಪಟ್ಟಿಯ ಒಳಮಗ್ಗುಲಲ್ಲಿ ಹಿಮ ಸೇರಿ, ಉರುಳೆಗೂ ಪಟ್ಟಿಗೂ ನಡುವೆ ಒತ್ತಿ ಒತ್ತಿ ಕಲ್ಲಾಗಿತ್ತು. ರವೆಯ ಮೇಲೆ ಹೀಗಾಗಿರಲಿಲ್ಲ. ರವೆ ಉದುರುದುರಾಗಿತ್ತು, ಲಂಡನ್ನಿನ ಹಿಮಕ್ಕೆ ನೀರಿನ ಪಸೆಯಿತ್ತು. ಪಾಕ ಬಿದ್ದರೆ ರವೆ ಉಂಡೆ ಕಟ್ಟುತ್ತದೆಂಬುದು ಹತ್ತು ವರ್ಷದ ಲೆಕ್ಕಾಚಾರದಲ್ಲಿ ಅವನಿಗೆ ಒಮ್ಮೆಯೂ ಹೊಳೆದಿರಲಿಲ್ಲ. ಶಿವಕ್ಕನನ್ನು ಕೇಳಿದ್ದರೆ ನಿಂತ ಕಾಲಲ್ಲಿ ಹೇಳುತ್ತಿದ್ದಳು.

ಎದುರುಮನೆಯ ಹೆಂಗಸು ಕಿಟಕಿ ತೆರೆದು, "ಮಿಸ್ಟರ್ ಎಂ, ಆರ್ ಯು ಆಲ್‌ರೈಟ್?" ಎಂದು ಕೂಗಿದಳು. ಅವನು ಕೈಯಾಡಿಸಿದ. ಆಲ್‌ರೈಟ್ ಇರಲಿಲ್ಲ. ಗಾಡಿಯ ಪಕ್ಕದಲ್ಲಿ, ಹಿಮದ ಮೇಲೆಯೇ ಕೂತುಬಿಟ್ಟ. ಮನೆಗೂ ಹೋಗುವಂತಿಲ್ಲ, ಮುಂದಕ್ಕೂ ಹೋಗುವಂತಿಲ್ಲ. ಪಟ್ಟಿಯ ಒಳಗೆ ಬಂದ ಹಿಮ ಹೊರಗೆ ಹೋಗಲು ದಾರಿಯಿಲ್ಲದೆ ಗಟ್ಟಿಯಾಗಿದೆ. ಹಾಗಾದರೆ ದಾರಿ ಕೊಡಬೇಕು, ಅಷ್ಟೇ ಅಲ್ಲವೇ?

ಗಾಡಿಯನ್ನು ಹಿಂದಕ್ಕೆಳೆದು, ಡ್ರಿಲ್ಲು ಹಿಡಿದು, ಮರದ ಹಲ್ಲುಗಳ ನಡುವಿನ ರಬ್ಬರಿಗೆ ಸಾಲಾಗಿ ತೂತು ಕೊರೆಯತೊಡಗಿದ. ಪಟ್ಟಿ ಹರಿದರೆ ಮುಗಿಯಿತು. ಹೆಚ್ಚು ಕೊರೆದರೆ ಬಲ ಹೋಗುತ್ತದೆ, ಕಡಿಮೆಯಾದರೆ ಹಿಮ ಹೊರಬೀಳುವುದಿಲ್ಲ. ನಡುವೆ ಒಮ್ಮೆ ಫೋನು ಹೊಡೆದುಕೊಂಡಿತು; ಪ್ರಿಯಾಂಕಾ. ಎತ್ತಿದರೆ ಸುಳ್ಳು ಹೇಳಬೇಕಾಗುತ್ತದೆಂದು ಎತ್ತಲಿಲ್ಲ.

ಎರಡನೆಯ ಸಲ ಗುಂಡಿ ಒತ್ತಿದಾಗ ಪಟ್ಟಿಯ ತೂತುಗಳಿಂದ ಹಿಮ ಶಾವಿಗೆ ಒತ್ತಿದ ಹಾಗೆ ಎಳೆಎಳೆಯಾಗಿ ಹೊರಬಂತು. ಗಾಡಿ ನಿಲ್ಲಲಿಲ್ಲ. "ಶಿವಾ" ಎಂದ ಮುರಿಗೆಪ್ಪ. ತಲೆಗೆ ಮಫ್ಲರ್ ಸುತ್ತಿ, ಶಾಲು ಹೊದ್ದು, ಎದೆಯ ಮೇಲಿನ ಎರಡು ಕರಡಿಗೆಗಳನ್ನು ಮುಟ್ಟಿ ನೋಡಿಕೊಂಡು ಸ್ಟೂಲಿನ ಮೇಲೆ ಕೂತ.

ಬೀದಿಯಲ್ಲಿ ಮಕ್ಕಳು ತಟ್ಟೆಗಳ ಮೇಲೆ ಕೂತು ಜಾರುತ್ತಿದ್ದವು. ವಿಭೂತಿ ಹಚ್ಚಿದ ಮುದುಕನೊಬ್ಬ ಗುಂಯ್ ಎನ್ನುತ್ತ ಹಾದುಹೋದದ್ದನ್ನು ಕಂಡು ಹೋ ಎಂದು ಕೂಗಿದವು. ಗೇಟು ದಾಟಿ ಕಾಲುವೆಯ ದಂಡೆಗೆ ಇಳಿದರೆ ಹೆಜ್ಜೆಯ ಗುರುತೇ ಇಲ್ಲದ ಹಿಮ. ಮರದ ಹಲ್ಲುಗಳು ಕಚ್ಚಿಕೊಂಡು, ಹಲಗೆಗಳು ತೇಲಿ, ಗಾಡಿ ಮನುಷ್ಯ ನಡೆಯುವುದಕ್ಕಿಂತ ತುಸು ವೇಗವಾಗಿ ಸಾಗಿತು. ಅವನ ಕಣ್ಣಲ್ಲಿ ನೀರು ಬಂತು, ಗಾಳಿಗೋ ಏನೋ. ಅವಳು ಹಿಂದೆ ಕೂತಿದ್ದರೆ ಎಷ್ಟು ಬೈಯುತ್ತಿದ್ದಳು ಎಂದುಕೊಂಡ.

ಒಂದು ಕಡೆ ಗೋದಾಮುಗಳ ತಂತಿಬೇಲಿ, ಎತ್ತರವಾಗಿ, ಕೊನೆಯಿಲ್ಲದೆ. ಇನ್ನೊಂದು ಕಡೆ ಕಾಲುವೆ. ಅದರ ಮೇಲೆ ತೆಳ್ಳಗೆ ಹೆಪ್ಪುಗಟ್ಟಿದ ಪದರ. ನಡುವೆ ಗಾಡಿಯ ಅಗಲದ ದಾರಿ. ಒಂದು ಸೇತುವೆಯ ಕೆಳಗೆ ಹಾದ. ಇನ್ನೊಂದು ಬಂತು. ಅದರ ಹತ್ತಿರ ಬರುವಷ್ಟರಲ್ಲಿ ಮೋಟರಿನ ದನಿ ಇಳಿಯತೊಡಗಿತ್ತು. ಜೋರಿನ ನಡೆಯಿಂದ ನಿಧಾನದ ನಡೆಗೆ ಬದಲಾಯಿಸಿದ. ಸ್ವಲ್ಪ ದೂರ ಹೋಯಿತು. ಚಳಿಯಲ್ಲಿ ಬ್ಯಾಟರಿ ಅರ್ಧ ಶಕ್ತಿಯನ್ನೂ ಕೊಡುವುದಿಲ್ಲವೆಂದು ಡಿಪೋದಲ್ಲಿ ಎಷ್ಟು ಜನಕ್ಕೆ ಅವನೇ ಹೇಳಿಕೊಟ್ಟಿದ್ದ. ಗಾಡಿ ಸೇತುವೆಯ ಕಮಾನಿನ ಕೆಳಗೆ ಹೋಗಿ, ನರಳಿ, ನಿಂತಿತು.

ಹಿಂದೆ ನೋಡಿದ. ಬಂದ ದಾರಿಯ ಗುರುತನ್ನು ಹಿಮ ಆಗಲೇ ಮುಚ್ಚುತ್ತಿತ್ತು. ಮುಂದೆ ತಿರುವು, ಅದರಾಚೆ ಏನೂ ಕಾಣದು. ಮೇಲೆ ಸೇತುವೆಯ ರಸ್ತೆಯಲ್ಲಿ ಒಂದು ಗಾಡಿಯ ಸದ್ದೂ ಇಲ್ಲ. ಕೂಗಿದರೆ ಕಮಾನು ಅವನ ಕೂಗನ್ನೇ ಅವನಿಗೆ ಕೊಟ್ಟಿತು. ಎದೆಯಲ್ಲಿ ಸಣ್ಣಗೆ ಹಿಡಿದುಕೊಂಡ ಹಾಗಾಗುತ್ತಿತ್ತು. ಮೊಬೈಲು ತೆಗೆದು ಡಾಕ್ಟರಿಗೆ ಹಚ್ಚಿದ.

"ಎಲ್ಲಿದೀರಿ ನೀವು?" ವೇಣುಗೋಪಾಲರ ದನಿ ಏರಿತ್ತು. "ನಿಮ್ಮ ಮಗಳು ನಂಗೆ ಹತ್ತು ಸಲ ಫೋನ್ ಮಾಡಿದಾಳೆ!"

"ಆಕಿ ಕಿವಿಗೆ ಕೊಡ್ರಿ ಸಾಹೇಬ್ರ."

ಹಾಸಿಗೆಯ ಸದ್ದು, ಪರದೆ ಎಳೆದ ಸದ್ದು. ಆಮೇಲೆ ಶಿವಕ್ಕನ ದನಿ, ಒಣಗಿದ ಎಲೆಯ ಹಾಗೆ. "ಎಲ್ಲಿದ್ದೀರಿ?"

"ಕಾಲುವಿ ದಂಡಿಮ್ಯಾಲ. ಸೇತುವಿ ಕೆಳಗ."

"ನಡಕೊಂತ ಬಂದೀರೇನ?"

"ಇಲ್ಲ. ಗಾಡಿ ತಂದೀನಿ."

"ಯಾವ ಗಾಡಿ?"

"ಅದ. ಬರ್ಫದ್ದು."

"ಓಡತೇನ?"

"ಓಡಿತು. ಭಾಳ ಚೆಂದ ಓಡಿತು. ಈಗ ನಿಂತದ."

"ನಿಲ್ಲದ ಏನ ಮಾಡೀತು, ನಿಮ್ಮ ಕೈಯಾಗ ಸಿಕ್ಕು." ನಗಲು ಹೋಗಿ ಕೆಮ್ಮಿದಳು. "ನೀವು ನೀರ ಕುಡದೀರೇನ?"

ಅವನು ಹ್ಯಾಂಡಲ್ಲಿನ ಮೇಲಿನ ಹಿಮ ಒರೆಸಿದ.

"ಕುಡದಿಲ್ಲ. ನನಗ ಗೊತ್ತಿತ್ತು. ಹುಚ್ಚ ಹಿಡದದೇನ ನಿಮಗ? ಕೊಯ್ದು ಹೊಲಿದ ಎದಿ ಕಟ್ಟಿಕೊಂಡು, ಬರ್ಫದಾಗ, ಉಪಾಸ ಬ್ಯಾರೆ!"

"ನೀ ಕುಡಿ, ನಾ ಕುಡೀತೀನಿ."

"ನನ್ನ ಲಿಂಗ ಎಲ್ಲಿ ಅದ?"

"ನನ್ನ ಎದಿಮ್ಯಾಲ."

"ತಗೀರಿ. ಎಡಗೈಯಾಗ ಇಟಗೋರಿ. ಪೂಜಿ ಮಾಡ್ರಿ."

"ಒಬ್ಬರ ಲಿಂಗ ಇನ್ನೊಬ್ಬರ ಕೈಯಾಗ ಪೂಜಿ ಮಾಡಬಾರದು ಶಿವಕ್ಕಾ. ಹಿರ್ಯಾರು ಹೇಳಿದ್ದು ನಿನಗ ಗೊತ್ತದ."

"ಹಿರ್ಯಾರು ಲಂಡನ್ನಿನ ಬರ್ಫದಾಗ ಸಿಕ್ಕೊಂಡಿದ್ರೇನ?" ಉಸಿರೆಳೆದುಕೊಂಡಳು. "ನಾ ಹಟಾ ಮಾಡಿಕೊಂಡು ಬಿದ್ದಿದ್ದೆ. ಸತ್ರ ಸಾಯ್ತೀನಿ ಅಂತ ಇದ್ದೆ. ನೀವು ಅಲ್ಲಿ ಸಾಯಾಕ ಕುಂತೀರಿ ಅಂತ ನನಗೇನ ಗೊತ್ತು? ನಾಳೆ ಶಿವಾ ಕೇಳಿದ್ರ ನಾ ಹೇಳ್ತೀನಿ, ನನ್ನ ಕೈ ಊದಿತ್ತು, ಎತ್ತಾಕ ಬರಲಿಲ್ಲ, ನಮ್ಮ ಮನಿಯವರ ಕೈ ಇಸಗೊಂಡೆ ಅಂತ. ಮಾಡ್ರಿ."

ಮೊಬೈಲಿನ ಸ್ಪೀಕರ್ ಹಾಕಿ ಹ್ಯಾಂಡಲ್ಲಿಗೆ ಒರಗಿಸಿಟ್ಟು, ಕೈಗವಸು ಕಳಚಿದ. ಅವಳ ಕರಡಿಗೆಯನ್ನು ತೆರೆದ. ಐವತ್ತು ವರ್ಷ ಸಂಸಾರ ಮಾಡಿದವನು ಆ ಲಿಂಗವನ್ನು ಬರಿಗೈಯಲ್ಲಿ ಮುಟ್ಟಿದ್ದು ಅದೇ ಮೊದಲು. ತನ್ನದಕ್ಕಿಂತ ಸಣ್ಣದು, ಅವಳ ಕೈಯ ಬಳಕೆಗೆ ನುಣುಪಾದದ್ದು. ಇಡೀ ರಾತ್ರಿ ಅವನ ಮೈಗೆ ಹತ್ತಿಕೊಂಡು ಬೆಚ್ಚಗಿತ್ತು. ಎಡ ಅಂಗೈಯಲ್ಲಿಟ್ಟುಕೊಂಡ. ಬಲಗೈಯಲ್ಲಿ ಒಂದು ಹಿಡಿ ಹಿಮ ಹಿಡಿದು, ಬಾಯಿಯ ಹತ್ತಿರ ತಂದು ಉಸಿರು ಬಿಟ್ಟ. ಕರಗಿದ್ದು ಹನಿಹನಿಯಾಗಿ ಲಿಂಗದ ಮೇಲೆ ಬಿತ್ತು. ಹಣೆಯ ವಿಭೂತಿಯನ್ನೇ ಬೆರಳಿಂದ ತೆಗೆದು ಹಚ್ಚಿದ.

"ಓಂ ನಮಃ ಶಿವಾಯ" ಎಂದ. ಮೊಬೈಲಿನಿಂದಲೂ ಅದೇ ಮಾತು ಬಂತು, ಒಂದು ಕ್ಷಣ ತಡವಾಗಿ. ಕಮಾನು ಎರಡನ್ನೂ ಕೂಡಿಸಿ ಹೇಳಿತು.

"ಆತೇನ್ರಿ?"

"ಆತು."

ಲೋಟದ ಸದ್ದು. ವೇಣುಗೋಪಾಲರು "ನಿಧಾನ ಅಮ್ಮಾ, ನಿಧಾನ" ಎಂದದ್ದು ಕೇಳಿಸಿತು. ಆಮೇಲೆ ಗುಟುಕು. ಇನ್ನೊಂದು ಗುಟುಕು. ಮುರಿಗೆಪ್ಪ ಆ ಸದ್ದಿಗೆ ಕಿವಿಯೊಡ್ಡಿ ನಿಂತ, ಕೂಸು ಹಾಲು ಕುಡಿಯುವುದನ್ನು ಕೇಳುವವನ ಹಾಗೆ.

"ತಣ್ಣಗದ. ಇವರು ಬಿಸಿನೀರ ಕೊಡಂಗಿಲ್ಲರಿ," ಎಂದಳು ಶಿವಕ್ಕ. "ಈಗ ಮನಿಗೆ ಹೋಗ್ರಿ."

ಡಾಕ್ಟರು ಫೋನು ತೆಗೆದುಕೊಂಡರು. "ಕುಡಿದ್ರು. ಇನ್ನೂ ಕೇಳ್ತಿದಾರೆ. ನೀವು ಅಲ್ಲೇ ಇರಿ, ಯಾರನ್ನಾದ್ರೂ ಕಳಿಸಕ್ಕೆ ನೋಡ್ತೀನಿ."

"ಯಾರನ್ನ ಕಳಸ್ತೀರಿ ಸಾಹೇಬ್ರ? ನೀವ ಮನಿಗೆ ಹೋಗಾಕ ಆಗಿಲ್ಲ."

ಲಿಂಗವನ್ನು ಕರಡಿಗೆಯಲ್ಲಿಟ್ಟು ಅಂಗಿಯೊಳಗೆ ಸೇರಿಸಿದ. ಅಂಗೈಯಲ್ಲಿ ಉಳಿದಿದ್ದ ಹಿಮವನ್ನು ಬಾಯಿಗೆ ಹಾಕಿಕೊಂಡ. ಹಲ್ಲು ಜುಮ್ಮೆಂದಿತು. ಇಂದು ಕೈ ಎರವಲು ಕೊಟ್ಟಾಯಿತು; ನಾಳೆ ಬೆಳಗಿನ ನೀರಿಗೆ ಲಿಂಗ ಅವಳ ಕೈಯಲ್ಲೇ ಇರಬೇಕು. ಒಂದು ಸಲ ತಪ್ಪಿದ ನೇಮವನ್ನು ಎರಡನೆಯ ಸಲ ತಪ್ಪಿಸು ಎಂದು ಅವಳನ್ನು ಕೇಳಲು ಅವನಿಂದಾಗದು.

ಸ್ಪ್ಯಾನರ್ ತೆಗೆದು ಸತ್ತ ಬ್ಯಾಟರಿಗಳನ್ನು ಬಿಚ್ಚಿ ಕಮಾನಿನ ಗೋಡೆಗೆ ಸಾಲಾಗಿಟ್ಟ. ಮೋಟರಿನ ಚೈನು ಕಳಚಿದ. ಪಟ್ಟಿ ಈಗ ತಡೆಯಿಲ್ಲದೆ ಉರುಳಿತು. ಗಾಡಿ ಹಗುರವಾಯಿತು. ಹ್ಯಾಂಡಲ್ಲಿನ ಮೇಲೆ ಮೈಯ ಭಾರ ಹಾಕಿ ನೂಕಿದರೆ ಮುಂದೆ ಮುಂದೆ ಜಾರುತ್ತಿತ್ತು, ಕಾಲಿಗೆ ಆಸರೆಯಾಗುತ್ತಿತ್ತು. ಆಸ್ಪತ್ರೆಯ ಕಡೆಗೆ ಕೆಲವು ಹೆಜ್ಜೆ ನೂಕಿ ಸ್ಟೂಲಿನ ಮೇಲೆ ಕೂತ. ಎದೆಯ ಬಡಿತ ಇಳಿಯುವವರೆಗೆ ಕಾದು ಮತ್ತೆ ಎದ್ದ. ಬೇಲಿ ಮುಗಿದಿರಲಿಲ್ಲ. ತಿರುವು ಬಂತು, ಅದರಾಚೆ ಇನ್ನೊಂದು ತಿರುವು ಕಂಡಿತು. ಮತ್ತೆ ಕೂತ, ಮತ್ತೆ ಎದ್ದ.